ಬೀಗ ಬೀಳದ ಫ್ಯಾಕ್ಟರಿ

ಕೇಳುಗರಿಗೆ ನಮಸ್ಕಾರ.

ಕಾರ್ಕಳದ ಕಡೆ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ನಾನು ಬಹಳ ವರ್ಷ ರೈಟರ್ ಆಗಿದ್ದೆ. ಹಾಜರಿ ಪುಸ್ತಕ ನನ್ನ ಕೈಯಲ್ಲಿತ್ತು. ಕೆಲಸದವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ಅವರಲ್ಲಿ ಕಟ್ಟಿಂಗಿನವರು, ಅಂದರೆ ಬೀಜ ಒಡೆಯುವವರು, ಯಾರು ಎಂದು ಬೆರಳು ನೋಡಿಯೇ ಹೇಳಬಹುದು. ಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಬೂದಿ ಹಚ್ಚಿಕೊಂಡರೂ ಕಪ್ಪು ಬಿಡುವುದಿಲ್ಲ. ಹೆಬ್ಬೆಟ್ಟಿನ ಗೆರೆ ಸವೆದು ರೇಷನ್ ಅಂಗಡಿಯ ಮಿಷನ್ನಿಗೆ ಸಿಕ್ಕದೆ ಬರಿಗೈಯಲ್ಲಿ ಹಿಂದೆ ಬಂದವರನ್ನೂ ಕಂಡಿದ್ದೇನೆ.

ಆ ಪುಸ್ತಕದಲ್ಲಿ ವಾರಕ್ಕೆ ಆರು ಗುರುತು ಬೀಳುತ್ತಿದ್ದದ್ದು ನಾಲ್ಕಾಯಿತು, ಆಮೇಲೆ ಮೂರಾಯಿತು. ಗೇಟಿಗೆ ಬೀಗ ಬೀಳಲಿಲ್ಲ.

ಕಾರಣ ಕಡಲಾಚೆಯದ್ದು. ನಮ್ಮ ಫ್ಯಾಕ್ಟರಿಗಳಿಗೆ ನಮ್ಮ ಗುಡ್ಡದ ಬೀಜ ಸಾಲುವುದಿಲ್ಲ. ಐವರಿ ಕೋಸ್ಟ್, ತಾಂಜಾನಿಯಾದಂಥ ದೇಶಗಳಿಂದ ಹಡಗಿನಲ್ಲಿ ಬರಬೇಕು. ಅದೇ ಬೀಜಕ್ಕೆ ವಿಯೆಟ್ನಾಮಿನವರೂ ಕೈಚಾಚುತ್ತಾರೆ. ಅಲ್ಲಿ ಒಡೆಯುವುದು, ಸುಲಿಯುವುದು ಬಹುಪಾಲು ಯಂತ್ರದ್ದೇ ಕೆಲಸ. ತಿರುಳಿನ ರಫ್ತಿನಲ್ಲಿ ಅವರು ನಮ್ಮನ್ನು ದಾಟಿ ಹದಿನೈದು ವರ್ಷದ ಮೇಲಾಯಿತು. ಹೋಗಲಿ, ನಮ್ಮ ದೇಶದ ಪೇಟೆಯಾದರೂ ಉಂಟಲ್ಲ ಎಂದುಕೊಂಡರೆ, ಒಡೆದು ಸುಲಿದ ತಿರುಳೇ ಇಲ್ಲಿಗೆ ಬರತೊಡಗಿತು. 2019ರಲ್ಲಿ ಕೇಂದ್ರ ಸರ್ಕಾರ ತಿರುಳಿನ ಆಮದು ಸುಂಕವನ್ನು ಶೇಕಡ 45ರಿಂದ 70ಕ್ಕೆ ಏರಿಸಿತು. ಇಡೀ ತಿರುಳನ್ನು ಕಿಲೋಗೆ 720, ತುಂಡನ್ನು 680 ರೂಪಾಯಿಗಿಂತ ಕಡಿಮೆಗೆ ತರಕೂಡದು ಎಂದೂ ಹೇಳಿತು. ಬೇರೆ ಹೆಸರು ಹಾಕಿ ಒಳಗೆ ತರುವವರು ಇದ್ದೇ ಇದ್ದಾರೆ ಎಂಬುದು ಉದ್ಯಮದವರ ದೂರು.

ಸುಂಕದಿಂದ ಮಾಲಿಗೆ ರಕ್ಷಣೆ ಸಿಕ್ಕಿತು ಅನ್ನೋಣ. ಕೆಲಸ ಕಳಕೊಂಡವರಿಗೆ ಏನುಂಟು?

ಉಂಟು. ಇ.ಎಸ್.ಐ., ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇದ್ದವರಿಗೆ 2018ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಇದೆ. ಕೆಲಸ ಹೋದವರಿಗೆ ಜೀವಮಾನದಲ್ಲಿ ಒಮ್ಮೆ, 90 ದಿನದವರೆಗೆ, ಸರಾಸರಿ ದಿನಗೂಲಿಯ ಭಾಗ ಕೊಡುವಂಥದ್ದು. ಮೊದಲು ಕಾಲು ಭಾಗ ಇತ್ತು, ಕೋವಿಡ್ ಕಾಲದಲ್ಲಿ ಅರ್ಧಕ್ಕೆ ಏರಿಸಿದರು. ಮಾಲೀಕರೇ ಕೆಲಸದಿಂದ ತೆಗೆದರೆ, ಸೇವೆಯ ಒಂದೊಂದು ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಎಂದು ಕಾನೂನೇ ಹೇಳುತ್ತದೆ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಹಾಗೆ ತೆಗೆಯಲ್ಪಟ್ಟವರಿಗೆ ಹೊಸ ಕೆಲಸ ಕಲಿಯಲೆಂದು ಇನ್ನೂ 15 ದಿನದ ಸಂಬಳವನ್ನು 45 ದಿನದೊಳಗೆ ಖಾತೆಗೆ ಹಾಕಬೇಕು ಎಂದಿದೆ. ಹದಿನೈದು ದಿನದ ದುಡ್ಡಿನಲ್ಲಿ ಐವತ್ತರ ಹೆಂಗಸು ಯಾವ ಹೊಸ ಕೆಲಸ ಕಲಿತಾಳೋ, ಬರೆದವರಿಗೇ ಗೊತ್ತು.

ಆದರೆ ಇದೆಲ್ಲ ಕೆಲಸ ಪೂರಾ ಹೋದವರಿಗೆ. ವಾರಕ್ಕೆ ಮೂರು ದಿನ ಇರುವವರಿಗೆ? ಅದಕ್ಕೂ ಒಂದು ದಾರಿ ಇದೆ. 50 ಜನಕ್ಕಿಂತ ಕಡಿಮೆಯಿಲ್ಲದ, ವರ್ಷವಿಡೀ ನಡೆಯುವ ಕಾರ್ಖಾನೆಯಲ್ಲಿ, ವರ್ಷ ತುಂಬಿದ ಕೆಲಸಗಾರರಿಗೆ ಕೆಲಸ ಕೊಡಲಾಗದಿದ್ದರೆ ಅದು ಲೇ-ಆಫ್. ಆ ದಿನಗಳಿಗೆ ಮೂಲ ಸಂಬಳ, ತುಟ್ಟಿಭತ್ಯೆಯ ಅರ್ಧ ಕೊಡಬೇಕು. ಪುಸ್ತಕದಲ್ಲಿ ಲೇ-ಆಫ್ ಎಂದೇ ದಾಖಲಾಗಬೇಕು.

ನಾನು ಏನು ದಾಖಲಿಸಿದೆ? ಶುಕ್ರವಾರ ಸಂಜೆ ಮೇಸ್ತ್ರಿ ಬಂದು, "ಇನ್ನು ಮಂಗಳವಾರ ಬನ್ನಿ, ಬೀಜ ಬಂದಿಲ್ಲ" ಎಂದು ಬಾಯಲ್ಲೇ ಹೇಳಿಬಿಡುತ್ತಿದ್ದ. ಪುಸ್ತಕದಲ್ಲಿ ಶನಿವಾರ, ಸೋಮವಾರದ ಚೌಕದಲ್ಲಿ ನಾನು ಗೈರು ಎಂದು ಗುರುತು ಹಾಕುತ್ತಿದ್ದೆ. ಮೇಲಿನವರು ಹೇಳಿದ್ದು ಹಾಗೆ. ನಾನೂ ತಿರುಗಿ ಕೇಳಲಿಲ್ಲ. ಲೇ-ಆಫ್ ದಿನ ಸೇವೆಯ ಲೆಕ್ಕಕ್ಕೆ ಸೇರುತ್ತದೆ, ಗೈರು ಸೇರುವುದಿಲ್ಲ. ಪರಿಹಾರ ಸಿಗಲು ವರ್ಷಕ್ಕೆ 240 ದಿನ ತುಂಬಬೇಕು. ನನ್ನ ಪೆನ್ನಿನಿಂದ ಎಷ್ಟು ಜನರ 240 ತುಂಬದೆ ಹೋಯಿತೋ, ಈಗ ಲೆಕ್ಕ ಹಾಕಲು ಧೈರ್ಯ ಸಾಲದು.

ಅಮೆರಿಕದಲ್ಲಿ 1962ರಲ್ಲೇ, ಆಮದಿನಿಂದ ಕೆಲಸ ಕಳಕೊಂಡವರಿಗೆಂದೇ ಒಂದು ಸಹಾಯ ಯೋಜನೆ ಮಾಡಿದರು. 1974ರಲ್ಲಿ ಅದನ್ನು ದೊಡ್ಡದು ಮಾಡಿದರು. ಒಂದೇ ಕಾರ್ಖಾನೆಯ ಮೂವರು ಕೆಲಸಗಾರರು ಸೇರಿದರೆ ಸಾಕು, ಸರ್ಕಾರಕ್ಕೆ ಅರ್ಜಿ ಹಾಕಬಹುದಿತ್ತು. ತನಿಖೆಯಲ್ಲಿ ಆಮದೇ ಕಾರಣ ಎಂದು ಗೊತ್ತಾದರೆ ತರಬೇತಿ, ಆ ಅವಧಿಗೆ ಭತ್ಯೆ, ಬೇರೆ ಊರಿಗೆ ಹೋಗುವ ಖರ್ಚು. ನನಗೆ ಹಿಡಿಸಿದ್ದು ಇನ್ನೊಂದು ಅಂಶ: ಕೆಲಸದ ಗಂಟೆಯೂ ಕೂಲಿಯೂ ಮೊದಲಿನ ಶೇಕಡ 80ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದರೆ, ಅವರನ್ನೂ ಅರ್ಧ ಕೆಲಸ ಹೋದವರೆಂದು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಹಾಗೆಂದು ಅವರನ್ನು ತಲೆಮೇಲೆ ಹೊರಬೇಕಾಗಿಲ್ಲ. 2022ರ ಜುಲೈಗೆ ಅವಧಿ ತೀರಿದಾಗ ಅಲ್ಲಿನವರು ಅದನ್ನು ಮುಂದುವರಿಸಲಿಲ್ಲ, ಹೊಸ ಅರ್ಜಿಗಳಿಗೆ ಮಂಜೂರಾತಿ ನಿಂತಿತು. ಆದರೂ ಆರು ಮೂರಾದದ್ದನ್ನು ನಷ್ಟ ಎಂದು ಒಪ್ಪಿಕೊಳ್ಳುವ ಒಂದು ಸಾಲು ನಮ್ಮ ಇ.ಎಸ್.ಐ. ಯೋಜನೆಯಲ್ಲೂ ಇದ್ದರೆ ಏನು ಕಷ್ಟ?

ಇನ್ನೊಂದು ಮಾತು, ಈಗ ಕೆಲಸದಲ್ಲಿರುವ ಅಕ್ಕಂದಿರಿಗೆ. ಲೆಕ್ಕ ಚುಕ್ತಾ ಮಾಡುತ್ತೇವೆ, ಗ್ರಾಚ್ಯುಟಿ ಕೊಡುತ್ತೇವೆ ಎಂದು ಕರೆದು ಒಂದು ಕಾಗದಕ್ಕೆ ಸಹಿ ಕೇಳಿದರೆ, ಮಗಳ ಹತ್ತಿರವೋ ಮೊಮ್ಮಗನ ಹತ್ತಿರವೋ ಅದನ್ನು ಓದಿಸಿಕೊಳ್ಳಿ. ಅದರಲ್ಲಿ ರಾಜೀನಾಮೆ ಎಂಬ ಶಬ್ದ ಇದ್ದರೆ ಕೈ ಹಿಂದೆ ತೆಗೆಯಿರಿ. ಐದು ವರ್ಷ ದುಡಿದವರು ತಾವಾಗಿ ಬಿಟ್ಟರೂ ಗ್ರಾಚ್ಯುಟಿ ಅವರ ಹಕ್ಕೇ. ರಾಜೀನಾಮೆ ಕೊಟ್ಟವರಿಗೆ ಕೆಲಸದಿಂದ ತೆಗೆದಾಗ ಸಿಗುವ ಪರಿಹಾರವೂ ಇಲ್ಲ, 90 ದಿನದ ಭತ್ಯೆಯೂ ಇಲ್ಲ.

ಕಳೆದ ಮಳೆಗಾಲದಲ್ಲಿ ಪೀಲಿಂಗಿನ, ಅಂದರೆ ತಿರುಳಿನ ಸಿಪ್ಪೆ ಸುಲಿಯುವ, ಒಬ್ಬ ಅಕ್ಕ ನಮ್ಮ ಮನೆಗೆ ಬಂದಿದ್ದರು. ಕೊಡೆ ಚಾವಡಿಯ ಮೂಲೆಗಿಟ್ಟು, ಪ್ಲಾಸ್ಟಿಕ್ ಕವರಿನಿಂದ ಆ 90 ದಿನದ ಭತ್ಯೆಯ ಅರ್ಜಿ ತೆಗೆದರು. ಹೆಸರು, ವಿಮೆ ನಂಬ್ರ ಎಲ್ಲ ಮಗ ತುಂಬಿದ್ದ. ಕಡೆಯದಾಗಿ ಕೆಲಸ ಮಾಡಿದ ದಿನ ಎಂಬ ಜಾಗ ಮಾತ್ರ ಖಾಲಿ. ವಾರಕ್ಕೆ ಮೂರು ದಿನ ಹೋಗಿ, ಆಮೇಲೆ ಒಂದು ದಿನ ಹೋಗಿ, ಆಮೇಲೆ ಯಾರೂ ಕರೆಯದೆ ನಿಂತವರು ಅವರು.

"ರೈಟ್ರೇ, ಇದರಲ್ಲಿ ಯಾವ ತಾರೀಕು ಬರೆಯುವುದು?" ಎಂದು ಕೇಳಿದರು.