ಗ್ಲಾಕೋಮಾ ಇದ್ದವರ ವ್ಯಾಯಾಮ: ತಲೆ ಎಲ್ಲಿದೆ, ಉಸಿರು ಹೇಗಿದೆ?

ಕೇಳುಗರಿಗೆ ನಮಸ್ಕಾರ.

ಗ್ಲಾಕೋಮಾ, ಅಂದರೆ ನೋಟವನ್ನು ಮಿದುಳಿಗೆ ಒಯ್ಯುವ ಕಣ್ಣಿನ ನರ ಸವೆಯುವ ಕಾಯಿಲೆ, ಇದೆ ಅಂತ ಕಣ್ಣಿನ ಡಾಕ್ಟರು ಹೇಳಿದ ಕೂಡಲೇ ಕೆಲವರು ವಾಕಿಂಗ್ ನಿಲ್ಲಿಸಿಬಿಡುತ್ತಾರೆ. ಬೆವರು ಬರುವಷ್ಟು ನಡೆದರೆ ಕಣ್ಣಿನ ಪ್ರೆಷರ್ ಏರುತ್ತದೇನೋ ಅನ್ನುವ ಹೆದರಿಕೆ. ಮನೆಯವರೂ "ಸುಮ್ನೆ ಕೂತ್ಕೊಳ್ಳಿ, ಯಾಕೆ ಬೇಕು ಇದೆಲ್ಲ" ಅನ್ನುತ್ತಾರೆ. ಇದಕ್ಕೆ ಪೂರ್ತಿ ಉಲ್ಟಾ ಇರುವವರೂ ಇದ್ದಾರೆ. ವ್ಯಾಯಾಮ ಮಾಡಿದರೆ ಎಲ್ಲ ವಾಸಿಯಾಗುತ್ತದೆ ಅಂತ ಡ್ರಾಪ್ಸ್ ಬಿಟ್ಟು ಶೀರ್ಷಾಸನ ಶುರು ಮಾಡುವವರು. ನನಗೆ ಜಾಸ್ತಿ ಚಿಂತೆ ಈ ಎರಡನೆಯವರದು.

ಕಣ್ಣಿನ ಒಳಗೆ ನಡೆಯುವುದು ಸ್ವಲ್ಪ ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಕಣ್ಣಿನ ಮುಂಭಾಗದಲ್ಲಿ ನೀರಿನಂಥ ಒಂದು ದ್ರವ ಸದಾ ಹುಟ್ಟುತ್ತಿರುತ್ತದೆ. ಸಣ್ಣ ಜಾಲರಿಯೊಂದರ ಮೂಲಕ ಹೊರಗೆ ಹರಿದು, ಕೊನೆಗೆ ರಕ್ತನಾಳ ಸೇರುತ್ತದೆ. ಹುಟ್ಟುವಷ್ಟು ಹರಿದು ಹೋಗದಿದ್ದರೆ ಒಳಗೆ ಒತ್ತಡ ಏರುತ್ತದೆ. ಸಾಮಾನ್ಯವಾಗಿ ಇದು 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಆದರೆ ಈ ಮಿತಿಯೊಳಗೇ ಇದ್ದರೂ ಕೆಲವರ ಕಣ್ಣಿನ ನರ ಸವೆಯುತ್ತದೆ. ಸವೆದ ನರ ಮತ್ತೆ ಬೆಳೆಯುವುದಿಲ್ಲ.

ದ್ರವ ಕೊನೆಗೆ ಸೇರುವುದು ರಕ್ತನಾಳಕ್ಕೆ ಅಂದೆ, ಅಲ್ವಾ? ಅದನ್ನು ನೆನಪಿಟ್ಟುಕೊಳ್ಳಿ. ಕುತ್ತಿಗೆ, ತಲೆಯ ರಕ್ತನಾಳಗಳಲ್ಲಿ ರಕ್ತ ಕಟ್ಟಿ ನಿಂತರೆ ಕಣ್ಣಿನ ಒತ್ತಡವೂ ಏರುತ್ತದೆ. ತಲೆ ಕೆಳಗಾದಾಗ ಆಗುವುದು ಅದೇ. ಉಸಿರು ಬಿಗಿಹಿಡಿದು ಮುಕ್ಕಿರಿದಾಗಲೂ ಅದೇ.

ನಡಿಗೆಯಲ್ಲಿ ಇವೆರಡೂ ಇಲ್ಲ. ತಲೆ ನೆಟ್ಟಗಿರುತ್ತದೆ, ಉಸಿರು ಓಡಾಡುತ್ತಿರುತ್ತದೆ. ಬಿರುಸಾಗಿ ನಡೆದರೆ, ಸೈಕಲ್ ತುಳಿದರೆ ಕಣ್ಣಿನ ಒತ್ತಡ ಸಾಮಾನ್ಯವಾಗಿ ಸ್ವಲ್ಪ ಹೊತ್ತು ಇಳಿಯುತ್ತದೆ. ಅದು ಉಳಿಯಬೇಕಾದರೆ ಅಭ್ಯಾಸ ಬಿಡಬಾರದು. ಕೆಲವು ವಾರ ನಿಲ್ಲಿಸಿದರೆ ಲಾಭವೂ ಹೋಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು ಗ್ಲಾಕೋಮಾ ಇದ್ದವರಿಗೆ ಹೆಜ್ಜೆ ಎಣಿಸುವ ಸಾಧನ ಕಟ್ಟಿ ನೋಡಿ, 2019ರಲ್ಲಿ ವರದಿ ಪ್ರಕಟಿಸಿದರು. ದಿನಕ್ಕೆ 5,000 ಹೆಜ್ಜೆ ಹೆಚ್ಚು ನಡೆಯುವವರಲ್ಲಿ ದೃಷ್ಟಿ ಕಳೆದುಹೋಗುವ ವೇಗ ಸುಮಾರು 10 ಶೇಕಡಾ ಕಡಿಮೆ ಇತ್ತು. ಕಣ್ಣು ಚೆನ್ನಾಗಿರುವವರೇ ಜಾಸ್ತಿ ನಡೆಯುತ್ತಾರೆ ಅಂತಲೂ ಇದನ್ನು ಓದಬಹುದು ಬಿಡಿ. ಆದರೂ ನಡೆದು ಯಾರೂ ಕೆಟ್ಟಿಲ್ಲ. ವಾರಕ್ಕೆ 150 ನಿಮಿಷದ ಮಧ್ಯಮ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳುವ ಲೆಕ್ಕ. ಅದು ನಿಮಗೂ ಸರಿಯೇ.

ಈಗ ಜಿಮ್‌ಗೆ ಬನ್ನಿ. ಬೆಂಚ್ ಮೇಲೆ ಮಲಗಿ ಭಾರ ಎತ್ತುವವರ ಮುಖ ಒಮ್ಮೆ ಗಮನಿಸಿ. ಕೊನೆಯ ಎರಡು ಸಲ ಎತ್ತುವಾಗ ಹಲ್ಲು ಕಚ್ಚಿರುತ್ತಾರೆ, ಮುಖ ಕೆಂಪಾಗಿರುತ್ತದೆ, ಕುತ್ತಿಗೆಯ ರಕ್ತನಾಳ ಉಬ್ಬಿ ಎದ್ದು ಕಾಣುತ್ತದೆ. ಉಸಿರು ನಿಂತೇ ಹೋಗಿರುತ್ತದೆ. ಕಣ್ಣಿನ ಒತ್ತಡ ಏರುವ ಹೊತ್ತು ಅದೇ. ಹಾಗಂತ ತೂಕ ಮುಟ್ಟಲೇಬಾರದು ಅಂತಲ್ಲ. ಮಾತಾಡುತ್ತಾ ಎತ್ತಬಹುದಾದಷ್ಟು ಹಗುರ ತೂಕ ತೆಗೆದುಕೊಳ್ಳಿ, ಸಲ ಜಾಸ್ತಿ ಮಾಡಿ. ಎತ್ತುವಾಗ ಬಾಯಿಂದ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಬಾಯಿಬಿಟ್ಟು ಎಣಿಸುವುದು ಒಳ್ಳೆಯ ಉಪಾಯ. ಎಣಿಸುತ್ತಿರುವವರು ಉಸಿರು ಕಟ್ಟಲು ಆಗುವುದಿಲ್ಲ. ತಲೆ ಕೆಳಗೆ, ಕಾಲು ಮೇಲೆ ಮಾಡುವ ಇಳಿಜಾರು ಬೆಂಚಿನ ಕಡೆ ಮಾತ್ರ ಹೋಗಲೇಬೇಡಿ.

ಯೋಗದ ವಿಷಯಕ್ಕೆ ಬಂದರೆ ಜನರಿಗೆ ಸಿಟ್ಟು ಬರುತ್ತದೆ, ಗೊತ್ತು. "ಯೋಗದಿಂದ ತೊಂದರೆಯಾ?" ಅಂತ ಕೇಳುತ್ತಾರೆ. ಯೋಗದಿಂದಲ್ಲ, ತಲೆ ಕೆಳಗಾಗುವ ಆಸನಗಳಿಂದ. ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. 2015ರಲ್ಲಿ ನ್ಯೂಯಾರ್ಕಿನ ಸಂಶೋಧಕರು ನಾಲ್ಕು ಭಂಗಿಗಳನ್ನು ಅಳೆದು ನೋಡಿದರು: ಕೈಕಾಲು ನೆಲಕ್ಕೂರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನ, ನಿಂತು ಮುಂದಕ್ಕೆ ಬಗ್ಗುವ ಉತ್ತಾನಾಸನ, ಮಲಗಿ ಕಾಲನ್ನು ತಲೆಯ ಹಿಂದಕ್ಕೆ ಒಯ್ಯುವ ಹಲಾಸನ, ಮತ್ತೆ ಗೋಡೆಗೆ ಕಾಲು ಚಾಚಿ ಮಲಗುವುದು. ನಾಲ್ಕರಲ್ಲೂ ಒತ್ತಡ ಏರಿತು, ಮೊದಲನೆಯದರಲ್ಲಿ ಎಲ್ಲಕ್ಕಿಂತ ಜಾಸ್ತಿ. ಎದ್ದು ಕೂತ ಎರಡು ನಿಮಿಷದಲ್ಲಿ ಇಳಿಯಿತು. "ಇಳಿಯುತ್ತಲ್ಲ, ಮತ್ತೇನು?" ಅನ್ನಬೇಡಿ. ಆಗಲೇ ಸೋತಿರುವ ನರಕ್ಕೆ ದಿನಾ ಬೆಳಗ್ಗೆ ಹೊಡೆತ ಕೊಡುವ ಅಗತ್ಯವೇನಿದೆ? ಸೂರ್ಯನಮಸ್ಕಾರದಲ್ಲೂ ತಲೆ ಕೆಳಗೆ ಹೋಗುವ ಹಂತಗಳಿವೆ. ಅವನ್ನು ಬಿಟ್ಟು ಮಾಡಿಸಲು ಗುರುಗಳಿಗೆ ಹೇಳಿ. ತಾಡಾಸನ, ಗೋಡೆ ಹಿಡಿದು ವೃಕ್ಷಾಸನ, ಕೂತು ಮಾಡುವ ಆಸನಗಳು ಇವೆಯಲ್ಲ, ಅವು ಸಾಕಷ್ಟಾಯಿತು. ನಿಧಾನ ಉಸಿರಾಟ ಒಳ್ಳೆಯದು, ಉಸಿರು ಕಟ್ಟಿ ಹಿಡಿಯುವ ಕುಂಭಕ ಬೇಡ. ಚಪ್ಪಲಿ ಹಾಕಿಕೊಳ್ಳಲು ಒಂದು ಕ್ಷಣ ಬಗ್ಗಿದರೆ ಏನೂ ಆಗುವುದಿಲ್ಲ. ಅದಕ್ಕೂ ಹೆದರುವವರಿದ್ದಾರೆ, ಅದಕ್ಕೇ ಹೇಳಿದೆ.

ಈಜುವವರಿಗೆ ನೀರಿನ ತಕರಾರಿಲ್ಲ, ಕನ್ನಡಕದ್ದೇ ತಕರಾರು. ತೆಗೆದಾಗ ಕಣ್ಣಿನ ಸುತ್ತ ಕೆಂಪು ಬಳೆ ಮೂಡಿದ್ದರೆ ಅದು ಬಿಗಿಯಾಗಿತ್ತು ಅಂತಲೇ ಅರ್ಥ. ಕಣ್ಣಿನ ಗುಂಡಿಗೆ ಒತ್ತುವ ಚಿಕ್ಕ ಗಾಗಲ್ಸ್ ಬದಲು ಹಣೆ, ಕೆನ್ನೆಯ ಮೂಳೆ ಮೇಲೆ ಕೂರುವ ದೊಡ್ಡದನ್ನು ಕೊಳ್ಳಿ. ಕುತ್ತಿಗೆ ಬಿಗಿಯುವ ಕಾಲರ್ ಕೂಡ ಬೇಡ. ಬಾಯಾರಿದಾಗ ಲೀಟರ್‌ಗಟ್ಟಲೆ ನೀರು ಒಂದೇ ಸಲ ಕುಡಿಯಬೇಡಿ, ಗುಟುಕು ಗುಟುಕಾಗಿ ಕುಡಿಯಿರಿ. ಗಟಗಟ ಕುಡಿದರೆ ಒತ್ತಡ ಏರುತ್ತದೆ. ಒಂದು ಲೀಟರ್ ಕುಡಿಸಿ ಒತ್ತಡ ಅಳೆಯುವ ಪರೀಕ್ಷೆಯೇ ಇದೆ.

ಡ್ರಾಪ್ಸ್ ಬಗ್ಗೆ ಒಂದು ಮಾತು. ಕಣ್ಣಿನ ಒತ್ತಡ ಇಳಿಸುವ ಟಿಮೊಲಾಲ್ ಥರದ ಡ್ರಾಪ್ಸ್ ಮೂಗಿನ ಮೂಲಕ ರಕ್ತಕ್ಕೆ ಸೇರಿ ಎದೆಬಡಿತ ನಿಧಾನ ಮಾಡುತ್ತದೆ. ಕೈಗಡಿಯಾರದಲ್ಲಿ ನಾಡಿ ಏರುತ್ತಿಲ್ಲ ಅಂತ ಇನ್ನೂ ಜೋರಾಗಿ ಓಡಬೇಡಿ. ಮಾತಾಡಬಹುದು, ಹಾಡಲು ಆಗದು, ಅಷ್ಟು ಶ್ರಮ ಸಾಕು. ಡ್ರಾಪ್ಸ್ ಹಾಕಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಎರಡು ನಿಮಿಷ ಮೆಲ್ಲಗೆ ಒತ್ತಿದರೆ ಮೈಗೆ ಹೋಗುವುದು ಕಡಿಮೆಯಾಗುತ್ತದೆ. ಆಸ್ತಮಾ ಇದ್ದರೆ, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದರೆ ಡಾಕ್ಟರಿಗೆ ಮೊದಲೇ ತಿಳಿಸಿ.

ಪಕ್ಕದ ದೃಷ್ಟಿ ಕಡಿಮೆಯಾದವರು ವಾಹನಗಳ ನಡುವೆ ಸೈಕಲ್, ವೇಗದ ಚೆಂಡಾಟ ಬಿಡುವುದೇ ವಾಸಿ. ಮನೆಯಲ್ಲೇ ನಿಂತ ಸೈಕಲ್ ತುಳಿಯಿರಿ. ಮಬ್ಬು ಬೆಳಕಲ್ಲಿ ನಡೆಯುವಾಗ ಜೊತೆಗೊಬ್ಬರಿರಲಿ. ಕಣ್ಣಿನೊಳಗೆ ಬಣ್ಣದ ಕಣಗಳು ಉದುರುವ ಬಗೆಯ ಗ್ಲಾಕೋಮಾ ಇದ್ದವರಿಗೆ ಓಟ, ಜಿಗಿತದಂಥ ಕುಲುಕಾಟದಿಂದ ಒತ್ತಡ ಏರಬಹುದು. ಅವರು ಕೇಳದೆ ಓಡಬಾರದು. ಆಪರೇಷನ್ ಆದವರು ಡಾಕ್ಟರು ಸರಿ ಅನ್ನುವ ತನಕ ಭಾರ, ಬಗ್ಗುವುದು, ಈಜು ಮೂರನ್ನೂ ದೂರ ಇಡಬೇಕು.

ವ್ಯಾಯಾಮದ ನಡುವೆ ಕಣ್ಣು ಜೋರಾಗಿ ನೋಯತೊಡಗಿ, ದೀಪದ ಸುತ್ತ ಬಣ್ಣದ ಉಂಗುರ ಕಂಡು, ವಾಂತಿ ಬಂದ ಹಾಗಾದರೆ, ಅಥವಾ ಇದ್ದಕ್ಕಿದ್ದಂತೆ ನೋಟ ಮಂಜಾದರೆ, "ನಾಳೆ ನೋಡೋಣ" ಅನ್ನಬೇಡಿ. ಅವತ್ತೇ, ಆಗಲೇ ಕಣ್ಣಿನ ಆಸ್ಪತ್ರೆಗೆ ಹೋಗಿ.

ನಮಸ್ಕಾರ.