ಮನೆಭೇಟಿಯ ಸೇವೆಯಲ್ಲಿ ಎರಡನೆಯ ಭೇಟಿ
(ಬಳ್ಳಾರಿಯಲ್ಲಿ ಸಭೆಯ ಸೇವಕರಿಗಾಗಿ ನಡೆದ ತರಬೇತಿ ಕೂಟದ ಉಪನ್ಯಾಸ)

ಮಾನ್ಯ ಸಭಾಪಾಲಕರೇ, ಸಭೆಯ ಹಿರಿಯರೇ, ಸ್ತ್ರೀಯರ ಕೂಟದ ತಾಯಂದಿರೇ, ಯುವಜನ ಸಂಘದ ತಮ್ಮಂದಿರೇ, ತಂಗಿಯರೇ, ನಿಮಗೆಲ್ಲರಿಗೂ ಪ್ರಭುವಿನ ನಾಮದಲ್ಲಿ ವಂದನೆಗಳು.

ಕಾರ್ಯದರ್ಶಿಗಳು ಈಗಷ್ಟೇ ಹೋದ ವರ್ಷದ ಮನೆಭೇಟಿಯ ವರದಿಯನ್ನು ಓದಿದರು. ಎಷ್ಟು ಓಣಿಗಳಿಗೆ ಹೋದೆವು, ಎಷ್ಟು ಮನೆಗಳ ಬಾಗಿಲು ತಟ್ಟಿದೆವು, ಎಷ್ಟು ಕರಪತ್ರ ಹಂಚಿದೆವು ಎಂಬ ಲೆಕ್ಕವೆಲ್ಲ ಅಚ್ಚುಕಟ್ಟಾಗಿತ್ತು, ಚಪ್ಪಾಳೆಯೂ ಬಿತ್ತು. ಆದರೆ ಎಷ್ಟು ಮನೆಗಳಿಗೆ ಎರಡನೆಯ ಸಲ ಹೋದೆವು ಎಂಬ ಕಾಲಂ ಆ ವರದಿಯಲ್ಲಿ ಇರಲಿಲ್ಲ. ಇದು ಕಾರ್ಯದರ್ಶಿಗಳ ಮೇಲಿನ ದೂರಲ್ಲ. ನಾವು ಹೋಗಿದ್ದರಲ್ಲವೇ ಅವರು ಬರೆಯುವುದು! ನನಗೆ ಕೊಟ್ಟಿರುವ ವಿಷಯ ‘ಮನೆಮನೆಯ ಸೇವೆಯನ್ನು ಉತ್ತಮಗೊಳಿಸುವುದು ಹೇಗೆ’ ಎಂಬುದಾದರೂ ನಾನು ಮಾತನಾಡಬೇಕೆಂದಿರುವುದು ಬಹುಮಟ್ಟಿಗೆ ಆ ಇಲ್ಲದ ಕಾಲಮ್ಮಿನ ಕುರಿತಾಗಿಯೇ.

ಮನೆಮನೆಯ ಸೇವೆಗೆ ಆಧಾರವೇನೆಂದು ಕೇಳಿದರೆ ಇಲ್ಲಿರುವ ಹೆಚ್ಚಿನವರು ಅಪೊಸ್ತಲರ ಕೃತ್ಯಗಳು 20:20 ಎಂದು ಹೇಳುತ್ತೀರಿ. ಸರಿಯಾದ ಉತ್ತರವೇ. ಸಭೆಯಲ್ಲಿಯೂ ಮನೆಮನೆಯಲ್ಲಿಯೂ ಉಪದೇಶಿಸಿದೆನೆಂದು ಪೌಲನು ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರೆಸಿಕೊಂಡು ಹೇಳುತ್ತಾನೆ. ಆದರೆ ಅದೇ ಅಧ್ಯಾಯದ 31ನೆಯ ವಚನದವರೆಗೆ ಓದಿ ನೋಡಿ. ಮೂರು ವರ್ಷ, ಹಗಲೂ ಇರುಳೂ, ಕಣ್ಣೀರು ಸುರಿಸುತ್ತ ಒಬ್ಬೊಬ್ಬರಿಗೂ ಬುದ್ಧಿಹೇಳಿದೆ ಎನ್ನುತ್ತಾನೆ. ಅಂದರೆ ‘ಮನೆಮನೆಗೆ ಹೋದೆ’ ಎಂದು ಹೇಳಿದವನು ಒಂದೇ ಊರಿನಲ್ಲಿ ಮೂರು ವರ್ಷ ನಿಂತವನು. ಒಂದೊಂದು ಮನೆಯ ಮೆಟ್ಟಿಲನ್ನು ಅವನು ಎಷ್ಟು ಸಲ ಹತ್ತಿಳಿದಿರಬಹುದೆಂಬುದನ್ನು ನೀವೇ ಊಹಿಸಿಕೊಳ್ಳಿ. ಇನ್ನು ಲೂಕ 10ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸುವಾಗ ಹೊಕ್ಕ ಮನೆಗೆ ಮೊದಲು ಶುಭ ಕೋರಬೇಕೆಂದೂ, ಅದೇ ಮನೆಯಲ್ಲಿದ್ದು ಅವರು ಕೊಟ್ಟದ್ದನ್ನು ಉಣ್ಣಬೇಕೆಂದೂ, ಮನೆಯಿಂದ ಮನೆಗೆ ಹೋಗುತ್ತಿರಬಾರದೆಂದೂ ಅಪ್ಪಣೆ ಕೊಡುತ್ತಾನೆ. ಒಂದು ಬೆಳಿಗ್ಗೆ ಒಂದು ಓಣಿಯನ್ನು ‘ಮುಗಿಸುವ’ ನಮ್ಮ ಪದ್ಧತಿಗೆ ಈ ಎರಡು ಭಾಗಗಳಲ್ಲಿ ಆಧಾರವನ್ನು ನಾನು ಹುಡುಕಿದ್ದೇನೆ. ನನಗೆ ಸಿಕ್ಕಿಲ್ಲ; ಸಿಕ್ಕಿದವರಿದ್ದರೆ ಊಟದ ಹೊತ್ತಿನಲ್ಲಿ ತಿಳಿಸಬೇಕು.

ಈ ಊರಿನ ಚರಿತ್ರೆ ನಿಮಗೆ ತಿಳಿದದ್ದೇ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಕಲಿತು, ಜೊತೆಗಾರರೊಂದಿಗೆ ತರ್ಜುಮೆ ಮಾಡಿ, ತಿದ್ದಿ, ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಹೊರಬರುವಾಗ 1831 ಆಗಿತ್ತು. ಕೆಲವು ವರ್ಷ ಅವರ ಜೊತೆಗಿದ್ದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬೆಳಕು ಕಂಡದ್ದು 1832ರಲ್ಲಿ. ಇಪ್ಪತ್ತು ವರ್ಷ ಜನರ ಮಾತಿಗೆ ಕಿವಿಗೊಟ್ಟವರ ಊರಿನಲ್ಲಿದ್ದುಕೊಂಡು, ಇಪ್ಪತ್ತು ನಿಮಿಷ ಒಬ್ಬರ ಮಾತನ್ನು ಕೇಳುವ ವ್ಯವಧಾನ ನಮಗಿಲ್ಲವೆಂದರೆ ಅದು ಶೋಭೆಯಲ್ಲ.

ಈಗ ಬಾಗಿಲಿಗೆ ಬರೋಣ. ನಮ್ಮ ಸೀಮೆಯಲ್ಲಿ ಮನೆಬಾಗಿಲಿಗೆ ಬರುವವರು ಹೊಸಬರೇನಲ್ಲ. ಭಿಕ್ಷೆಗೆ ಜಂಗಮರು ಬರುತ್ತಾರೆ, ದಾಸಯ್ಯ ಬರುತ್ತಾನೆ, ಮೈಲಾರದ ಗೊರವಯ್ಯ ಬರುತ್ತಾನೆ, ಫಕೀರನೂ ಬರುತ್ತಾನೆ. ಯಾರು ಬಂದರು, ಯಾಕೆ ಬಂದರು ಎಂಬುದು ಅವರ ವೇಷದಿಂದ, ದನಿಯಿಂದ ಒಳಗಿದ್ದವರಿಗೆ ತಿಳಿಯುತ್ತದೆ. ನಮ್ಮ ವೇಷವೇನು? ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಬ್ಯಾಗು, ಕೈಯಲ್ಲಿ ನೋಟ್‌ಬುಕ್ಕು, ಜೊತೆಗೊಬ್ಬರು. ಈ ವೇಷದಲ್ಲಿ ಇಂದು ಬಡವರ ಓಣಿಗಳಿಗೆ ಯಾರು ಬರುತ್ತಾರೆಂಬುದು ನಿಮಗೆ ಗೊತ್ತಿದೆ. ಮೈಕ್ರೋಫೈನಾನ್ಸಿನ ಕಂತು ವಸೂಲಿಯವರು. ಆ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಸರ್ಕಾರವೇ ಸುಗ್ರೀವಾಜ್ಞೆ ಹೊರಡಿಸಬೇಕಾಯಿತೆಂದರೆ ಆ ಭಯ ಎಷ್ಟಿತ್ತೆಂದು ತಿಳಿಯುತ್ತದೆ. ಆದ್ದರಿಂದ ಮೊದಲ ಅರ್ಧ ನಿಮಿಷದಲ್ಲಿ ಆಗಬೇಕಾದ ಕೆಲಸ ಸುವಾರ್ತೆ ಹೇಳುವುದಲ್ಲ, ಆ ಭಯವನ್ನು ಕಳೆಯುವುದು. ಹೊಸ್ತಿಲಿನಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿ. ನಿಮ್ಮ ಹೆಸರು, ನಿಮ್ಮ ಓಣಿ, ಯಾವ ಚರ್ಚಿನವರು, ಯಾಕೆ ಬಂದಿರಿ ಎಂಬುದನ್ನು ಸುತ್ತುಬಳಸದೆ ಹೇಳಿ. ನೋಟ್‌ಬುಕ್ಕನ್ನು ಹೊರಗೆ ತೆಗೆಯಲೇಬೇಡಿ. ‘ಸಮೀಕ್ಷೆಗೆ ಬಂದಿದ್ದೇವೆ’ ಎಂದು ಒಳಹೊಕ್ಕು ಆಮೇಲೆ ವಾಕ್ಯ ತೆಗೆಯುವ ಜಾಣತನವನ್ನು ಕೆಲವರು ಕಲಿತಿದ್ದಾರೆ. ಸುಳ್ಳಿನಿಂದ ಆರಂಭವಾದ ಭೇಟಿಗೆ ಎರಡನೆಯ ಭೇಟಿ ಎಂಬುದಿಲ್ಲ.

ಹೊತ್ತಿನ ವಿಚಾರವೂ ಇದೆ. ನಲ್ಲಿಯಲ್ಲಿ ನೀರು ಬಿಟ್ಟಾಗ ಬಾಗಿಲು ತಟ್ಟಬೇಡಿ. ದಿನ ಬಿಟ್ಟು ದಿನ ಬರುವ ನೀರನ್ನು ಬಿಟ್ಟು ನಿತ್ಯಜೀವದ ನೀರಿನ ವಿಷಯ ಕೇಳಲು ಯಾವ ತಾಯಿಯೂ ಬರಲಾರಳು. ತೋರಣಗಲ್ಲಿನ ಕಾರ್ಖಾನೆಗೆ ಹೋಗುವವರ ಮನೆಯಲ್ಲಿ ರಾತ್ರಿಪಾಳಿ ಮುಗಿಸಿದವನು ಹಗಲು ಮಲಗಿರುತ್ತಾನೆ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆಯ ಬೆಳಗಿನ ಪೂಜೆಯ ಹೊತ್ತು ಬೇಡ. ರಂಜಾನಿನ ಸಂಜೆ ಕೌಲ್ ಬಜಾರಿನಲ್ಲಿ ಯಾರ ಮನೆಗೂ ಬೇಡ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ಬಗ್ಗೆ ಬಳ್ಳಾರಿಯವರಿಗೆ ನಾನು ಹೇಳುವುದೇನಿದೆ? ಬಿಸಿಲು ನಮ್ಮ ನಂಬಿಕೆಯನ್ನು ಪರೀಕ್ಷಿಸಲಿ, ಮನೆಯವರ ತಾಳ್ಮೆಯನ್ನಲ್ಲ. ತೆಲುಗಿನವರ ಮನೆಗೆ ತೆಲುಗು ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ. ನಮ್ಮ ಸಭೆಯಲ್ಲಿ ಅಂಥವರಿಗೆ ಬರವಿಲ್ಲ, ಕರೆಯುವವರಿಗೆ ಮಾತ್ರ ಬರವಿದೆ.

ಇಲ್ಲಿ ಒಂದು ಸಂಗತಿಯನ್ನು ಹೇಳಬೇಕು. ಕೆಲವರು ಇದನ್ನು ನನ್ನ ಬಾಯಿಂದ ಮೊದಲೇ ಕೇಳಿದ್ದೀರಿ. ಕೇಳಿದವರು ನಗದೆ ಕುಳಿತರೆ ಉಪಕಾರ. ಸಭೆಯ ಹಿರಿಯ ಸಹೋದರಿಯೊಬ್ಬರು ಯುವಕನೊಬ್ಬನನ್ನು ಜೊತೆಗೆ ಕರೆದುಕೊಂಡು ಶನಿವಾರ ಬೆಳಿಗ್ಗೆ ಒಂದು ಓಣಿಗೆ ಹೋಗಿದ್ದರು. ಇಬ್ಬರೂ ಅದನ್ನು ಬೇರೆಬೇರೆಯಾಗಿ ನನಗೆ ಹೇಳಿದ್ದಾರೆ, ಹುಡುಗ ಹೇಳಿದ್ದು ಇನ್ನೂ ಚೆನ್ನಾಗಿತ್ತು. ಆ ಓಣಿಯಲ್ಲಿ ಮನೆಮನೆಗೂ ಜೀನ್ಸ್ ಕೆಲಸ. ಒಂದು ಮನೆಯ ಕಟ್ಟೆಯ ಮೇಲೆ ಹೆಣ್ಣುಮಗಳೊಬ್ಬಳು ಹೊಲಿದು ಬಂದ ಪ್ಯಾಂಟುಗಳ ರಾಶಿ ಹಾಕಿಕೊಂಡು, ಹೊಲಿಗೆಯ ಕೊನೆಯಲ್ಲಿ ಉಳಿದ ದಾರಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸುತ್ತಿದ್ದಳು. ಬೆರಳ ತುದಿಗೆಲ್ಲ ನೀಲಿ ಬಣ್ಣ. ಇವರನ್ನು ನೋಡಿದವಳೇ, “ಕಂತು ಸೋಮವಾರ ಐತಲ್ರಿ, ಇವತ್ಯಾಕ ಬಂದ್ರಿ?” ಎಂದಳು. “ಕಂತಿನವರಲ್ಲವ್ವ, ನಾವು ಚರ್ಚಿನವರು. ಎರಡು ಮಾತಾಡಿ ಹೋಗೋಣಂತ ಬಂದೀವಿ.” “ಮಾತಿಗೆ ಪುರುಸೊತ್ತಿಲ್ರಿ ಅಮ್ಮಾರ, ಸಂಜಿಗೆ ಗಂಟು ಒಯ್ಯಾಕ ಬರ್ತಾರ.”

ನಮ್ಮ ಯುವಕ ಪುರುಸೊತ್ತಿಲ್ಲವೆಂಬುದನ್ನು ಬೇಗ ಹೇಳಿ ಮುಗಿಸಬೇಕೆಂಬ ಸೂಚನೆಯಾಗಿ ತೆಗೆದುಕೊಂಡು ಆದಿಕಾಂಡದಿಂದ ಆರಂಭಿಸಿದ. ಏದೆನ್ ತೋಟ ಮುಗಿಸಿ ಜಲಪ್ರಳಯದ ಸಮೀಪಕ್ಕೆ ಬಂದಾಗಲೂ ಆಕೆಯ ಕತ್ತರಿ ನಿಂತಿರಲಿಲ್ಲ, ತಲೆ ಮೇಲೆದ್ದಿರಲಿಲ್ಲ. ಸಹೋದರಿ ಕಟ್ಟೆಯ ತುದಿಯಲ್ಲಿ ಕುಳಿತು, “ಒಂದು ಪ್ಯಾಂಟಿಗೆ ಏನು ಕೊಡ್ತಾರವ್ವ?” ಎಂದು ಕೇಳಿದರು. ಆಕೆ ನಕ್ಕಳಂತೆ, ಆ ನಗೆಯಲ್ಲೇ ಕೂಲಿ ಎಷ್ಟೆಂಬುದು ತಿಳಿಯಿತಂತೆ. “ಇನ್ನೊಂದು ಕತ್ತರಿ ಐತೇನು?” ಎಂದು ಇವರು ಕೇಳಿದರು. ಇತ್ತು. ಅಜ್ಜಿಯ ವಯಸ್ಸಿನ ಇವರು ಕನ್ನಡಕ ಏರಿಸಿಕೊಂಡು ದಾರ ಕತ್ತರಿಸತೊಡಗಿದರು. ಹುಡುಗ ನೋಹನನ್ನು ನಾವೆಯ ಬಾಗಿಲಲ್ಲೇ ಬಿಟ್ಟು ಸುಮ್ಮನಾದ.

ಸ್ವಲ್ಪ ಹೊತ್ತಿಗೆ ಆಕೆಯೇ ಮಾತು ತೆಗೆದಳು. ಶ್ರಾವಣದಲ್ಲಿ ಅವ್ವ ತೀರಿಕೊಂಡಿದ್ದಳು; ಈ ಕತ್ತರಿ ಅವ್ವನದೇ; ಇಬ್ಬರೂ ಕೂಡಿ ಕುಳಿತು ಈ ಕೆಲಸ ಮಾಡುತ್ತಿದ್ದರು. ಆಮೇಲೆ, “ಅಮ್ಮಾರ, ಸತ್ತವ್ರು ನಮ್ಮನ್ನ ನೋಡ್ತಿರ್ತಾರೇನ್ರಿ?” ಎಂದು ಕೇಳಿದಳು. ಇದಕ್ಕೆ ಹುಡುಗನ ಬಳಿ ಉತ್ತರವಿತ್ತು, ವಚನಗಳೂ ಇದ್ದವು, ಆಗಲೇ ಪುಟ ತಿರುವುತ್ತಿದ್ದ. ಸಹೋದರಿ ಅವನ ಕೈ ಹಿಡಿದು ನಿಲ್ಲಿಸಿ, “ನಿಮ್ಮವ್ವ ಹೆಂಗಿದ್ರವ್ವ?” ಎಂದು ಕೇಳಿದರು. ಆಕೆ ಹೇಳಿದಳು, ಬಹಳ ಹೊತ್ತು ಹೇಳಿದಳು. ಕೊನೆಗೆ ಲಾಜರನ ಸಮಾಧಿಯ ಹತ್ತಿರ ಯೇಸು ಕಣ್ಣೀರು ಬಿಟ್ಟನೆಂಬ ಒಂದೇ ವಚನವನ್ನು ಓದಿ, “ನೀ ಕೇಳಿದ್ದು ದೊಡ್ಡ ಮಾತವ್ವ, ಬರೋ ಶನಿವಾರ ಬಂದು ಮಾತಾಡಲೇನು?” ಎಂದು ಒಪ್ಪಿಗೆ ಪಡೆದು ಎದ್ದರು.

ಮುಂದಿನ ಶನಿವಾರ ಹುಡುಗ ಹೊಸ ಓಣಿಗೆ ಹೋಗೋಣವೆಂದ. ಆ ಓಣಿ ‘ಆಗಿದೆ’ ಎಂಬುದು ಅವನ ವಾದ. ಸಹೋದರಿ ಒಪ್ಪಲಿಲ್ಲ. ಆ ಮನೆಗೇ ಹೋದರು, ಹೋಗುತ್ತಲೇ ಇದ್ದಾರೆ. ಆಕೆ ಇನ್ನೂ ಚರ್ಚಿಗೆ ಬಂದಿಲ್ಲ. ಬರುವಳೋ ಇಲ್ಲವೋ ಅದು ಆಕೆಗೂ ದೇವರಿಗೂ ಬಿಟ್ಟದ್ದು. ಆದರೆ ಈಗ ಪ್ರಶ್ನೆಗಳನ್ನು ಆಕೆಯೇ ಕೂಡಿಟ್ಟುಕೊಂಡು ಕೇಳುತ್ತಾಳೆ. ಕಾರ್ಯದರ್ಶಿಗಳ ವರದಿಯಲ್ಲಿ ಈ ಸೇವೆಯೆಲ್ಲ ಸೇರಿ ‘ಮನೆ: ಒಂದು, ಕರಪತ್ರ: ಇಲ್ಲ’ ಎಂದಷ್ಟೇ ಬಂದೀತು.

ಆದ್ದರಿಂದ ಪ್ರಶ್ನೆ ಕೇಳುವುದನ್ನು ಕಲಿಯಿರಿ. ಸುವಾರ್ತಿಕನಾದ ಫಿಲಿಪ್ಪನು ಓಡಿಹೋಗಿ, ಪ್ರವಾದಿಯ ಗ್ರಂಥ ಓದುತ್ತಿದ್ದ ಐಥಿಯೋಪ್ಯದ ಕಂಚುಕಿಯ (ರಾಣಿಯ ಅರಮನೆಯ ಅಧಿಕಾರಿಯ) ರಥವನ್ನು ಸಮೀಪಿಸಿ ಮೊದಲು ಉಪದೇಶ ಮಾಡಲಿಲ್ಲ. ಓದುತ್ತಿರುವುದು ತಿಳಿಯುತ್ತದೋ ಎಂದು ಕೇಳಿದ. ಅವನು ಎಲ್ಲಿ ಓದುತ್ತಿದ್ದನೋ ಅದೇ ಭಾಗದಿಂದ ಹೇಳಲಾರಂಭಿಸಿದ. ಯಾಕೋಬನ ಬಾವಿಯ ಬಳಿ ಸ್ವಾಮಿ, ಯೆಹೂದ್ಯರು ಬಳಕೆ ಇಟ್ಟುಕೊಳ್ಳದ ಸಮಾರ್ಯದ ಸ್ತ್ರೀಯನ್ನು ಕೇಳಿದ್ದು ಕುಡಿಯಲು ನೀರು. ಯಾರ ಮನೆಯ ನೀರು ಯಾರು ಕುಡಿಯಬೇಕು, ಕುಡಿಯಬಾರದು ಎಂಬ ಲೆಕ್ಕ ನಮ್ಮ ಹಳ್ಳಿಗಳಲ್ಲಿ ಇನ್ನೂ ಸತ್ತಿಲ್ಲ. ಅಂಥ ಕಡೆ ಬಿಸಿಲಿನಲ್ಲಿ ಬಂದವರು ಹೊಸ್ತಿಲ ಬಳಿ ನಿಂತು, “ಒಂದು ಲೋಟ ನೀರು ಕೊಡ್ರವ್ವ” ಎಂದು ಕೇಳಿ, ಆ ಮನೆಯ ಲೋಟದಲ್ಲಿಯೇ ಕುಡಿದರೆ ಅದಕ್ಕಿರುವ ಅರ್ಥ ಕರಪತ್ರಕ್ಕಿಲ್ಲ. ಬಾಟಲಿ ನೀರು ಹಿಡಿದುಕೊಂಡು ಹೋಗುವ ತಮ್ಮಂದಿರು ಇದನ್ನು ಯೋಚಿಸಬೇಕು.

ಕಾನೂನಿನ ಮಾತನ್ನೂ ಹೇಳಲೇಬೇಕು. ಧರ್ಮವನ್ನು ಆಚರಿಸುವ ಹಾಗೂ ಪ್ರಸಾರ ಮಾಡುವ ಸ್ವಾತಂತ್ರ್ಯವನ್ನು ಸಂವಿಧಾನದ 25ನೆಯ ವಿಧಿ ಕೊಟ್ಟಿದೆ. ಆ ಪ್ರಸಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಬಲವಂತ, ವಂಚನೆ, ಆಮಿಷಗಳ ಮತಾಂತರವನ್ನು ಅಪರಾಧವೆಂದು ನಮ್ಮ ರಾಜ್ಯ 2022ರಲ್ಲಿ ಕಾಯಿದೆ ಮಾಡಿತು. ಆ ಕಾಯಿದೆಯ ಬಗ್ಗೆ ನನ್ನ ಅಭಿಪ್ರಾಯ ಬೇರೆ ಇದೆ, ಅದು ಈ ವೇದಿಕೆಯ ವಿಷಯವಲ್ಲ. ಕಾಯಿದೆ ಇರಲಿ ಬಿಡಲಿ, ಶಾಲೆಯ ಸೀಟು ಕೊಡಿಸುತ್ತೇವೆ, ರೋಗ ವಾಸಿಯಾಗುತ್ತದೆ, ಸಾಲ ತೀರುತ್ತದೆ ಎಂಬ ಮಾತು ಸುವಾರ್ತೆಯ ಬಾಯಲ್ಲಿ ಬರಕೂಡದು. ಅವರ ಜಗಲಿಯ ಮೇಲಿನ ದೇವರನ್ನು ಹಳಿಯಕೂಡದು. ತಂದೆತಾಯಿ ಇಲ್ಲದಾಗ ಮಕ್ಕಳ ಕೈಗೆ ಏನನ್ನೂ ಕೊಡಕೂಡದು. ಉತ್ತರ ಹೇಳಲು ಯಾವಾಗಲೂ ಸಿದ್ಧವಾಗಿರಬೇಕು, ಆದರೆ ಅದನ್ನು ಸಾತ್ವಿಕತ್ವದಿಂದ ಹೇಳಬೇಕೆಂಬುದು 1 ಪೇತ್ರ 3:15ರ ಮಾತು. ನಾವು ವಚನದ ಮೊದಲರ್ಧ ಬಾಯಿಪಾಠ ಮಾಡಿ ಉಳಿದರ್ಧವನ್ನು ಪೇತ್ರನಿಗೇ ಬಿಟ್ಟಿದ್ದೇವೆ.

ಬೇಡವೆಂದವರ ವಿಷಯ. ಒಂದು ಊರು ಸ್ವಾಮಿಯನ್ನು ಸೇರಿಸಿಕೊಳ್ಳಲಿಲ್ಲವೆಂದು ಶಿಷ್ಯರಾದ ಯಾಕೋಬ ಯೋಹಾನರು ಆಕಾಶದಿಂದ ಬೆಂಕಿ ಬೀಳಲೆಂದು ಕೇಳಿದರು. ಸ್ವಾಮಿ ಗದರಿಸಿದ್ದು ಆ ಊರನ್ನಲ್ಲ, ಇವರಿಬ್ಬರನ್ನು. ಆಮೇಲೆ ಎಲ್ಲರೂ ಬೇರೆ ಊರಿಗೆ ಹೋದರು. ಬಾಗಿಲು ಹಾಕಿಕೊಂಡವರ ಹೆಸರು ಹಿಡಿದು ಬುಧವಾರದ ಪ್ರಾರ್ಥನಾಕೂಟದಲ್ಲಿ ನಾವು ಸಲ್ಲಿಸುವ ಕೆಲವು ಪ್ರಾರ್ಥನೆಗಳಲ್ಲಿ ಆ ಬೆಂಕಿಯ ವಾಸನೆ ಇರುತ್ತದೆ. ಬೇಡವೆಂದರೆ ನಮಸ್ಕಾರ ಹೇಳಿ ಬನ್ನಿ. ಅಂಥ ಮನೆಗೆ ಎರಡನೆಯ ಭೇಟಿ ಬೇಕಿಲ್ಲ; ಸಂತೆಯಲ್ಲಿ ಕಂಡಾಗ ಅದೇ ನಗುಮುಖದಿಂದ ಮಾತನಾಡಿಸಿದರೆ ಸಾಕು.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಉಳಿದ ಟಿಪ್ಪಣಿಗಳನ್ನು ಬೇಗಬೇಗ ಹೇಳಿಬಿಡುತ್ತೇನೆ. ಅಪಾರ್ಟ್‌ಮೆಂಟಿನಲ್ಲಿ ಕಾವಲುಗಾರನನ್ನು ಕೇಳದೆ ಮೇಲೆ ಹೋಗಬೇಡಿ. ಹೆಣ್ಣುಮಗಳು ಒಬ್ಬಳೇ ಇರುವ ಮನೆಗೆ ಗಂಡಸರಿಬ್ಬರು ಹೋಗಬೇಡಿ. ಮನೆಯವರು ಕಣ್ಣುಮುಚ್ಚಿ ಪ್ರಾರ್ಥಿಸುವ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ ಹಾಕುವುದನ್ನು ಇಂದಿಗೇ ನಿಲ್ಲಿಸಬೇಕು. ಅವರು ನಂಬಿ ಹೇಳಿದ ದುಃಖ ನಮ್ಮ ಗುಂಪಿನ ಸುದ್ದಿಯಲ್ಲ. ನೋಟ್‌ಬುಕ್ಕಿನಲ್ಲಿ ನಿಮ್ಮ ಮನೆಗೆ ಮರಳಿದ ಮೇಲೆ ಎರಡೇ ಸಾಲು ಬರೆದುಕೊಳ್ಳಿ, ಅವರು ಏನು ಕೇಳಿದರು, ನಾವು ಯಾವತ್ತು ಬರುತ್ತೇವೆಂದು ಹೇಳಿದೆವು. ಇನ್ನು ಕರಪತ್ರ ಬರೆಯುವ ಕ್ರಮದ ಬಗ್ಗೆ ದೊಡ್ಡದೊಂದು ಭಾಗವಿತ್ತು, ಅದನ್ನು ಬಿಟ್ಟಿದ್ದೇನೆ, ನಷ್ಟವೇನಿಲ್ಲ.

ಚಹಾ ಆದ ಮೇಲೆ ಅಭ್ಯಾಸವಿದೆ. ಒಬ್ಬ ಹಿರಿಯರು, ಒಬ್ಬ ಕಿರಿಯರು ಜೋಡಿಯಾಗಿ ಕುಳಿತುಕೊಳ್ಳಿ. ಒಬ್ಬರು ಮನೆಯವರು, ಒಬ್ಬರು ಬಂದವರು. ಬಂದವರು ಮೊದಲ ಐದು ನಿಮಿಷ ಬೈಬಲ್ ತೆರೆಯುವಂತಿಲ್ಲ, ಕೇಳಬಹುದಷ್ಟೇ. ಮನೆಯವರಾದವರು ದಯವಿಟ್ಟು ಎರಡನೆಯ ನಿಮಿಷಕ್ಕೇ ಕಣ್ಣೀರಿಟ್ಟು ಮನಸ್ಸು ತಿರುಗಿಸಿಕೊಳ್ಳಬೇಡಿ. ಹೋದ ಸಲ ಹಾಗಾಗಿ ಯಾರಿಗೂ ಏನೂ ಕಲಿಯಲಾಗಲಿಲ್ಲ. ಹೋದ ವರ್ಷದ ಓಣಿಗಳ ಪಟ್ಟಿ ಕಾರ್ಯದರ್ಶಿಗಳ ಬಳಿ ಇದೆ. ಈ ಶನಿವಾರ ಹೊಸ ಓಣಿ ಬೇಡ. ಆ ಪಟ್ಟಿಯಲ್ಲಿ ಯಾರು ಯಾವ ಮನೆಗೆ ಮತ್ತೆ ಹೋಗುತ್ತೀರೆಂದು ಊಟಕ್ಕೆ ಏಳುವ ಮೊದಲು ಅವರಿಗೆ ಬರೆಯಿಸಿ ಹೋಗಿರಿ.