ಹುದ್ದೆಗೆ ಅಂಟಿಕೊಳ್ಳದ ಸಾಹುಕಾರ

ಕೇಳುಗರೇ, ನಮಸ್ಕಾರ. ಲಾರ್ಡ್ ರಿಪ್ಪನ್ ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಭಾರತದ ಸ್ಥಳೀಯ ಸ್ವಯಂ ಸರ್ಕಾರದ ಪಿತಾಮಹ ಎಂದು ಬರೆದು ಅಂಕ ಗಳಿಸಿದ್ದೇವೆ. ಆದರೆ ವೈಸರಾಯ್ ಆಗುವ ಮುಂಚಿನ ರಿಪ್ಪನ್ ನನಗೆ ಹೆಚ್ಚು ಇಷ್ಟ.

ಮುಂದೆ ಲಾರ್ಡ್ ರಿಪ್ಪನ್ ಎನಿಸಿದ ಜಾರ್ಜ್ ರಾಬಿನ್ಸನ್ ಎಂಬ ಈ ಮಗು 1827ರಲ್ಲಿ ಹುಟ್ಟಿದ್ದೇ 10, ಡೌನಿಂಗ್ ಸ್ಟ್ರೀಟ್‌ನಲ್ಲಿ. ಆಗ ಇಂಗ್ಲೆಂಡಿನ ಪ್ರಧಾನಿ ಅವರ ತಂದೆ. 1859ರಲ್ಲಿ ತಂದೆಯೂ ದೊಡ್ಡಪ್ಪನೂ ತೀರಿಕೊಂಡು ಅರ್ಲ್ ಎಂಬ ವಂಶಪಾರಂಪರ್ಯದ ಬಿರುದು, ಒಂದಲ್ಲ ಎರಡು, ಇವರೊಬ್ಬರಿಗೇ ಬಂದವು. ಜೊತೆಗೆ ಯಾರ್ಕ್‌ಷೈರಿನ ಸ್ಟಡ್ಲಿ ರಾಯಲ್ ಎಸ್ಟೇಟು. ಪಾಳುಬಿದ್ದ ಹಳೆಯ ಫೌಂಟನ್ಸ್ ಮಠವೂ ಅದರೊಳಗೇ. ಇಂಥ ಮನೆತನದವರು ಪಾರ್ಲಿಮೆಂಟಿಗೆ ಹೋಗುವುದು, ಮಂತ್ರಿಗಳಾಗುವುದು ಅಂದು ವಾಡಿಕೆ. ಇವರೂ ಆದರು. ಆದರೆ ಯೌವನದಲ್ಲೇ ಕ್ರೈಸ್ತ ಸಮಾಜವಾದಿಗಳ ಒಡನಾಟ ಹಿಡಿದು, ಕೂಲಿಕಾರರ ಪರ ನಿಂತದ್ದು ವಾಡಿಕೆಯಲ್ಲ.

1870ರಲ್ಲಿ ಮನೆಗೆ ಸಿಡಿಲು ಬಡಿಯಿತು. ಹೆಂಡತಿಯ ತಮ್ಮ ಫ್ರೆಡರಿಕ್ ವೈನರ್‌ನನ್ನು ಗ್ರೀಸ್ ದೇಶದಲ್ಲಿ ದರೋಡೆಕೋರರು ಹಿಡಿದೊಯ್ದು ಕೊಂದರು. ಅವನ ನೆನಪಿಗೆ ಸ್ಟಡ್ಲಿಯಲ್ಲಿ ಸೊಗಸಾದ ಆಂಗ್ಲಿಕನ್ ಚರ್ಚು, ಅಂದರೆ ಇಂಗ್ಲೆಂಡಿನ ಅಧಿಕೃತ ಪ್ರಾಟೆಸ್ಟಂಟ್ ಪಂಥದ ಚರ್ಚು, ಏಳತೊಡಗಿತು. ಕಟ್ಟಡ ಇನ್ನೂ ಮುಗಿದಿಲ್ಲ, 1874ರಲ್ಲಿ ರಿಪ್ಪನ್ ಕ್ಯಾಥೊಲಿಕ್ ಮತಕ್ಕೆ ಸೇರಿದರು! ಕ್ಯಾಥೊಲಿಕ್ ಚರ್ಚು ಒಪ್ಪದ ಫ್ರೀಮೇಸನ್ ಎಂಬ ಗುಟ್ಟಿನ ಸಂಘಕ್ಕೆ ಇಂಗ್ಲೆಂಡಿನಲ್ಲಿ ಮುಖ್ಯಸ್ಥರಾಗಿದ್ದವರು ಆ ಸ್ಥಾನವನ್ನೂ ಬಿಟ್ಟರು. ಪತ್ರಿಕೆಗಳು ಉರಿದುಬಿದ್ದವು, ಇವರ ರಾಜಕೀಯ ಜೀವನ ಇಲ್ಲಿಗೆ ಮುಗಿಯಿತು ಎಂದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಂಬಿದ್ದನ್ನು ಮಾಡುವ ಧೈರ್ಯ ಅವರದೇ, ನಿಜ. ಆ ಧೈರ್ಯದ ಬೆನ್ನಿಗೆ ಗೇಣಿದಾರರು ತಂದುಕೊಡುವ ವರಮಾನವೂ ಇತ್ತು. ಸಂಬಳ ನೆಚ್ಚಿಕೊಂಡ ಗುಮಾಸ್ತನಿಗೆ ಆ ಸ್ವಾತಂತ್ರ್ಯ ಎಲ್ಲಿಂದ ಬರಬೇಕು? ದೊರೆತ ಸ್ವಾತಂತ್ರ್ಯವನ್ನು ಸುಖಕ್ಕಷ್ಟೇ ಬಳಸಿದ ಶ್ರೀಮಂತರು ಆ ಕಾಲದಲ್ಲಿ ಬೇಕಾದಷ್ಟು ಮಂದಿ ಇದ್ದರು. ರಿಪ್ಪನ್ ಆ ಸಾಲಿನವರಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟುವುದು ಅದಕ್ಕೇ.

1880ರಲ್ಲಿ ಇಂಗ್ಲೆಂಡಿನ ಪ್ರಧಾನಿ ಗ್ಲಾಡ್‌ಸ್ಟನ್ ಇವರನ್ನೇ ವೈಸರಾಯ್ ಮಾಡಿ ಕಳಿಸಿದರು. ಮರುವರ್ಷ ಮಾರ್ಚ್‌ನಲ್ಲಿ, ಐವತ್ತು ವರ್ಷ ಬ್ರಿಟಿಷ್ ಆಡಳಿತದಲ್ಲಿದ್ದ ನಮ್ಮ ಮೈಸೂರು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ತೀರ್ಮಾನ ಹಿಂದಿನದು, ನೆರವೇರಿದ್ದು ಇವರ ಕಾಲದಲ್ಲಿ. 1882ರಲ್ಲಿ ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಯಿದೆ ರದ್ದಾಯಿತು.

ಮುಂದಿನ ವರ್ಷದ ಇಲ್ಬರ್ಟ್ ಮಸೂದೆ ಮಾತ್ರ ಬೆಂಕಿ ಹಚ್ಚಿತು. ಜಿಲ್ಲೆಗಳಲ್ಲಿ ಯುರೋಪಿಯನ್ನರನ್ನು ಭಾರತೀಯ ನ್ಯಾಯಾಧೀಶರೂ ವಿಚಾರಣೆ ಮಾಡಬಹುದು ಎಂಬುದಷ್ಟೇ ಅದರ ತಿರುಳು. ಕಲ್ಕತ್ತೆಯ ಬಿಳಿಯರು ವೈಸರಾಯರನ್ನೇ ಬಹಿರಂಗವಾಗಿ ಹಳಿದರು. ಕೊನೆಗೆ 1884ರಲ್ಲಿ ರಿಪ್ಪನ್ ರಾಜಿಗೆ ಬಂದರು: ಯುರೋಪಿಯನ್ ಆರೋಪಿ ಕೇಳಿದರೆ, ತಪ್ಪು-ಒಪ್ಪು ಹೇಳುವ ನಾಗರಿಕರ ಮಂಡಳಿಯಾದ ಜ್ಯೂರಿಯಲ್ಲಿ ಅರ್ಧದಷ್ಟಾದರೂ ಬಿಳಿಯರೇ ಇರಬೇಕು ಎಂದಾಯಿತು. ಹುದ್ದೆಯ ಆಸೆಯಿಲ್ಲದ ಈ ಮನುಷ್ಯ ಅಲ್ಲಿ ಇನ್ನಷ್ಟು ಗಟ್ಟಿಯಾಗಿ ನಿಲ್ಲಬೇಕಿತ್ತು ಎಂದೇ ನನಗೆ ಅನಿಸುತ್ತದೆ. ಅದೇ ವರ್ಷದ ಕೊನೆಗೆ ಅವರು ಊರಿಗೆ ಹೊರಟಾಗ, ನಮ್ಮ ಜನ ಆ ರಾಜಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಸಾವಿರಾರು ಮಂದಿ ಸೇರಿ ಬೀಳ್ಕೊಟ್ಟರು.